ಕಂಪ್ಯೂಟರಿನ ನೆನಪು ಮತ್ತು ವೋಲ್ಟು

ವಾಲ್ವ್ ರೇಡಿಯೋಗಳನ್ನು ಬಿಚ್ಚಿ ಕಟ್ಟಿ ಕೈ ಪಳಗಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಏಳು ಕಾಲಿನ ಬುಡ ಒಂದೇ ಬಗೆಯದಾದರೂ ಬ್ಯಾಟರಿ ಸೆಟ್ಟಿನ ವಾಲ್ವಿನ ತಂತುವಿಗೆ 1.4 ವೋಲ್ಟು ಸಾಕು. ಮನೆಯ ಕರೆಂಟಿನ ಸೆಟ್ಟಿನದಕ್ಕೆ 6.3 ಬೇಕು. ಕಾಲು ಕೂತಿತೆಂದ ಮಾತ್ರಕ್ಕೆ ವಾಲ್ವು ಹೊಂದಿತೆಂದು ಅರ್ಥವಲ್ಲ. ಕಂಪ್ಯೂಟರಿನ ನೆನಪಿನ, ಎಂದರೆ ರ್‍ಯಾಮಿನ ಚರಿತ್ರೆಯಲ್ಲಿಯೂ ಇದೇ ತೊಡಕು ಮತ್ತೆ ಮತ್ತೆ ತಲೆಯೆತ್ತಿದೆ.

ಒಂದು ಟ್ರಾನ್ಸಿಸ್ಟರು, ಒಂದು ಕೆಪಾಸಿಟರು, ಇಷ್ಟರಲ್ಲಿಯೇ ಒಂದು ಬಿಟ್ಟನ್ನು ಹಿಡಿದಿಡಬಹುದೆಂದು ಐ.ಬಿ.ಎಂ. ಸಂಸ್ಥೆಯ ರಾಬರ್ಟ್ ಡೆನಾರ್ಡ್ 1966ರಲ್ಲಿ ಕಂಡುಕೊಂಡರು. ಆ ದಶಕವನ್ನು ದಾಟಿ ಬಂದ 4116 ಎಂಬ ಚಿಪ್ ಹದಿನಾರು ಕಾಲುಗಳದು. 16,384 ಬಿಟ್ಟುಗಳನ್ನು ನೆನಪಿಡುತ್ತಿತ್ತು. ಆದರೆ ಅದರ ಹಸಿವು ವಿಚಿತ್ರ: 12 ವೋಲ್ಟು, 5 ವೋಲ್ಟು, ಜೊತೆಗೆ ಋಣ 5 ವೋಲ್ಟು. ಈ ಋಣ 5 ತಪ್ಪಿ ಉಳಿದೆರಡು ಮಾತ್ರ ಬಂದರೆ ಚಿಪ್ ಸುಟ್ಟುಹೋಗುವ ಸಂಭವವುಂಟು. 1982ರ ಸ್ಪೆಕ್ಟ್ರಮ್ ಕಂಪ್ಯೂಟರನ್ನು ದುರಸ್ತಿ ಮಾಡುವವರು ಈಗಲೂ ಈ ವೋಲ್ಟನ್ನು ಅಳೆದು ನೋಡುತ್ತಾರೆ.

ಅನಂತರದ 4164ಕ್ಕೆ 5 ವೋಲ್ಟು ಒಂದೇ ಸಾಕಾಯಿತು. ಇದಕ್ಕೂ ಹದಿನಾರೇ ಕಾಲು, ಮೈಕಟ್ಟೂ ಅದೇ. ಆದರೆ ಹಳೆಯದರಲ್ಲಿ 12 ವೋಲ್ಟು ಬರುತ್ತಿದ್ದ ಎಂಟನೆಯ ಕಾಲಿಗೆ ಹೊಸದರಲ್ಲಿ ಬರಬೇಕಾದದ್ದು 5. ಹಳೆಯ ಗೂಡಿನಲ್ಲಿ ಹೊಸದನ್ನು ಕೂರಿಸಿದವನನ್ನು ತಡೆಯುವಂಥದೇನೂ ಅಲ್ಲಿರಲಿಲ್ಲ!

ಚಿಪ್‌ಗಳನ್ನು ಪಟ್ಟಿಯ ಮೇಲೆ ಸಾಲಾಗಿ ಬೆಸೆದು ಮಾರುವ ಕಾಲ ಬಂದ ಮೇಲೆ ತಡೆಯೂ ಬಂದಿತು. ಎಸ್‌ಡಿರ್‍ಯಾಮ್ ಪಟ್ಟಿಯ ಅಂಚಿನ ಎರಡು ಕಚ್ಚುಗಳಲ್ಲಿ ಒಂದು ವೋಲ್ಟನ್ನು ಸೂಚಿಸುವುದಕ್ಕೆಂದೇ ಇತ್ತು. ಅದು 3.3 ವೋಲ್ಟಿನದು. ಮುಂದೆ ಡಿಡಿಆರ್‌ಗೆ 2.5, ಎರಡನೆಯ ಪೀಳಿಗೆಗೆ 1.8, ಮೂರನೆಯದಕ್ಕೆ 1.5, ನಾಲ್ಕನೆಯದಕ್ಕೆ 1.2, 2020ರಲ್ಲಿ ಪ್ರಕಟವಾದ ಐದನೆಯದಕ್ಕೆ 1.1. ಇಳಿಸದೆ ವಿಧಿಯಿರಲಿಲ್ಲ. ಟ್ರಾನ್ಸಿಸ್ಟರು ಸಣ್ಣದಾದಷ್ಟೂ ಹೆಚ್ಚು ವೋಲ್ಟನ್ನು ತಾಳದು. ಅಲ್ಲದೆ ವ್ಯಯವಾಗುವ ಶಕ್ತಿ ವೋಲ್ಟಿನ ವರ್ಗಕ್ಕೆ ಅನುಗುಣ. ಉಳಿದುದೆಲ್ಲ ಸಮನಾಗಿದ್ದರೆ 2.5ರಿಂದ 1.1ಕ್ಕೆ ಇಳಿದಾಗ ಶಕ್ತಿ ಐದರಲ್ಲೊಂದು ಭಾಗ ಸಾಕು. ಪೀಳಿಗೆ ಬದಲಾದಾಗಲೆಲ್ಲ ಕಚ್ಚಿನ ಸ್ಥಾನವನ್ನೂ ಸರಿಸಿದರು. ನಾಲ್ಕಕ್ಕೂ ಐದಕ್ಕೂ 288 ಸಂಪರ್ಕಗಳೇ ಇದ್ದರೂ ಒಂದರ ಜಾಗದಲ್ಲಿ ಇನ್ನೊಂದು ಕೂರದು. ಕೂರದಿದ್ದರೆ ಹೆಬ್ಬೆರಳಿನಿಂದ ಒತ್ತುವ ಮಹನೀಯರ ಮಾತು ಬೇರೆ.

ಈ ಕ್ರಮ ತಪ್ಪಿದ್ದು ಮೂರನೆಯ ಪೀಳಿಗೆಯಲ್ಲಿ. 1.35 ವೋಲ್ಟಿನ ಡಿಡಿಆರ್3ಎಲ್ ಬಂದಾಗ ಕಚ್ಚನ್ನು ಇದ್ದಲ್ಲೇ ಬಿಟ್ಟರು. ಅದು 1.5ರಲ್ಲಿಯೂ ನಡೆಯುತ್ತದಾದ್ದರಿಂದ ಹಳೆಯ ಯಂತ್ರಕ್ಕೆ ಹೊಸ ಪಟ್ಟಿ ಹಾಕಿದರೆ ಕೇಡಿಲ್ಲ. ತಿರುಗಿಸಿದರೆ ತೊಂದರೆ: 1.35 ವೋಲ್ಟಿಗೆಂದೇ ಮಾಡಿದ ಮದರ್‌ಬೋರ್ಡಿನಲ್ಲಿ 1.5ರ ಪಟ್ಟಿ ಸಲೀಸಾಗಿ ಕೂರುತ್ತದೆ, ಯಂತ್ರ ಮಾತ್ರ ಏಳದಿರಬಹುದು. ಹಳೆಯ ಸಾಮಾನಿನ ಅಂಗಡಿಯಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಾಣುವ ವ್ಯತ್ಯಾಸ ಚೀಟಿಯ ಮೇಲಿನ ಒಂದೇ ಅಕ್ಷರ. ಒಂದರ ಮೇಲೆ ಪಿಸಿ3 ಎಂದಿರುತ್ತದೆ, ಇನ್ನೊಂದರ ಮೇಲೆ ಪಿಸಿ3ಎಲ್ ಎಂದು.