ಆಮ್ಲದ ಚರಿತ್ರೆಯಲ್ಲಿ ನೀರಿನ ಪಾಲು

ನೀರಿನಲ್ಲಿ ಹೈಡ್ರೋಜನ್ ಅಯಾನು ಬಿಡುವುದು ಆಮ್ಲ, ಹೈಡ್ರಾಕ್ಸೈಡ್ ಅಯಾನು ಬಿಡುವುದು ಪ್ರತ್ಯಾಮ್ಲ. ನಮ್ಮ ಪಾಠಗಳಲ್ಲಿ ಬೇರೂರಿರುವ ಈ ಮಾತು 1880ರ ದಶಕದ್ದು. ಇದರಲ್ಲಿ ನೀರಿಗೆ ಪಾತ್ರೆಯ ಕೆಲಸವಷ್ಟೇ. ಆಮ್ಲದ ಪ್ರಬಲತೆ ಅದರ ಹುಟ್ಟುಗುಣ ಎಂಬ ತಪ್ಪು ಕಲ್ಪನೆ ಬೆಳೆದದ್ದು ಇಲ್ಲಿಂದಲೇ. ಇದಕ್ಕೂ ಬಹಳ ಮುಂಚೆ, ಹುಳಿಗೆ ಆಕ್ಸಿಜನ್ ಕಾರಣವೆಂದು ಲವಾಸಿಯೇ ನಂಬಿದ್ದರು. 1810ರಲ್ಲಿ ಡೇವಿ ಅದನ್ನು ಅಲ್ಲಗಳೆದರು. ಲೋಹಕ್ಕೆ ಜಾಗ ಬಿಟ್ಟುಕೊಡುವ ಹೈಡ್ರೋಜನ್ ಇರಬೇಕೆಂದು 1838ರಲ್ಲಿ ಲೀಬಿಗ್ ಹೇಳಿದರು. 1887ರ ಹೊತ್ತಿಗೆ ಅರೇನಿಯಸ್ ಅಯಾನುಗಳ ಸಿದ್ಧಾಂತವನ್ನು ಮಂಡಿಸಿದರು. ದ್ರಾವಣ ತೆಳುವಾದಂತೆ ಅಯಾನುಗಳ ಪಾಲು ಹೇಗೆ ಬದಲಾಗುತ್ತದೆಂದು ಹೇಳುವ, ಮರುವರ್ಷ ಬಂದ ಓಸ್ಟ್‌ವಾಲ್ಡರ ನಿಯಮ ಅಸಿಟಿಕ್ ಆಮ್ಲಕ್ಕೆ ಚೆನ್ನಾಗಿ ಹೊಂದಿತು, ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹೊಂದಲಿಲ್ಲ. ಹೈಡ್ರೋಕ್ಲೋರಿಕ್ ಆಮ್ಲದಂಥ ಪ್ರಬಲ ವಿದ್ಯುದ್ವಿಭಾಜ್ಯಗಳು ಪೂರ್ತಿಯಾಗಿ ಅಯಾನುಗಳಾಗಿರುತ್ತವೆ ಎಂಬ ನೆಲೆಯಿಂದ 1918ರಲ್ಲಿ ಈ ತೊಡಕನ್ನು ಎದುರಿಸಿದವರಲ್ಲಿ, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದ ಜ್ಞಾನಚಂದ್ರ ಘೋಷ್ ಒಬ್ಬರು. ದ್ರಾವಣದಲ್ಲೂ ಅಯಾನುಗಳು ಹರಳಿನಲ್ಲಿರುವಂತೆ ಜೋಡಣೆಗೊಂಡಿವೆ ಎಂಬ ಅವರ ಊಹೆ ನಿಲ್ಲಲಿಲ್ಲ. 1923ರಲ್ಲಿ ಡಿಬೈ ಮತ್ತು ಹುಕೆಲ್ ಅದರ ಜಾಗ ತುಂಬಿದರು. ಆದರೂ ಪ್ರಶ್ನೆಯ ಗಂಭೀರತೆಯನ್ನು ಅಷ್ಟು ಬೇಗ ಕಂಡುಕೊಂಡದ್ದಕ್ಕೆ ಸಲ್ಲಬೇಕಾದ ಮನ್ನಣೆ ಘೋಷ್ ಅವರಿಗೆ ನಮ್ಮಲ್ಲೇ ಸಂದಿಲ್ಲ.

ಅದೇ 1923ರಲ್ಲಿ ಬ್ರಾನ್‌ಸ್ಟೆಡ್ ಮತ್ತು ಲೌರಿ, ಆಮ್ಲ ಪ್ರೋಟಾನು, ಅಂದರೆ ಹೈಡ್ರೋಜನ್ ಅಯಾನು, ಕೊಡುವುದಾದರೆ ತೆಗೆದುಕೊಳ್ಳುವವರೂ ಬೇಕಲ್ಲ ಎಂಬುದನ್ನು ಸ್ಪಷ್ಟಪಡಿಸಿದರು. ಹೈಡ್ರೋಜನ್ ಕ್ಲೋರೈಡನ್ನು ಬೆಂಜೀನಿನಲ್ಲಿ ಕರಗಿಸಿದರೆ ವಿದ್ಯುತ್ ಹರಿಯುವುದಿಲ್ಲ. ನೀರಿನಲ್ಲಿ ಧಾರಾಳವಾಗಿ ಹರಿಯುತ್ತದೆ. ಪರ್ಕ್ಲೋರಿಕ್, ನೈಟ್ರಿಕ್ ಆಮ್ಲಗಳೆರಡೂ ನೀರಿನಲ್ಲಿ ಸಮಬಲದವು. ಅಸಿಟಿಕ್ ಆಮ್ಲವನ್ನೇ ದ್ರಾವಕವಾಗಿ ಬಳಸಿದಾಗ ನೈಟ್ರಿಕ್ ಬಹಳ ಹಿಂದೆ ಬೀಳುತ್ತದೆ. ಹಾಗಾದರೆ ನಾವು ಅಳೆದದ್ದು ಆಮ್ಲವನ್ನೋ, ಆಮ್ಲಕ್ಕೂ ನೀರಿಗೂ ಇರುವ ಸಂಬಂಧವನ್ನೋ?

ಇದಕ್ಕೆ ತೃಪ್ತಿಕರ ಉತ್ತರ ಸಿಕ್ಕಿದ್ದು ವೇಗವನ್ನು ಅಳೆಯಲು ಕಲಿತ ಮೇಲೆ. ಈ ಕ್ಷೇತ್ರದ ಶ್ರೇಷ್ಠ ಅಧ್ಯಾಯವೂ ಅದೇ. 1955ರ ಸುಮಾರಿಗೆ ಮ್ಯಾನ್‌ಫ್ರೆಡ್ ಐಗೆನ್ ಮತ್ತು ಡಿ ಮೇಯರ್, ಶುದ್ಧ ನೀರಿನ ಸಮತೋಲವನ್ನು ವಿದ್ಯುತ್ ಕ್ಷೇತ್ರದಿಂದ ಕ್ಷಣಕಾಲ ಕದಡಿ, ಅದು ಮತ್ತೆ ನೆಲೆಗೆ ಬರುವುದನ್ನು ಗಮನಿಸಿದರು. ಹೈಡ್ರೋನಿಯಂ (ಪ್ರೋಟಾನು ಸೇರಿದ ನೀರಿನ ಅಣು), ಹೈಡ್ರಾಕ್ಸೈಡ್ ಅಯಾನುಗಳು ಒಂದಾಗುವ ವೇಗದ ಸ್ಥಿರಾಂಕ ಸೆಕೆಂಡಿಗೆ, ಲೀಟರಿಗೊಂದು ಮೋಲ್ ಸಾರತೆಯಲ್ಲಿ, ಸುಮಾರು 1.4×10¹¹. ಎದುರು ದಿಕ್ಕಿನಲ್ಲಿ, ಒಂದು ನೀರಿನ ಅಣು ತಾನಾಗಿ ಒಡೆಯಲು ಸರಾಸರಿ 11 ಗಂಟೆಯಷ್ಟು ಕಾಲ ಬೇಕು. ಪೊಟ್ಯಾಸಿಯಂ ಅಯಾನಿಗಿಂತ ಪ್ರೋಟಾನಿನ ವಾಹಕತೆ ಸುಮಾರು ಐದು ಪಟ್ಟು ಇರುವುದಕ್ಕೂ ಕಾರಣ ನೀರೇ: ಒಂದೇ ಪ್ರೋಟಾನು ದೂರ ಓಡುವುದಿಲ್ಲ, ಸುತ್ತಲಿನ ಹೈಡ್ರೋಜನ್ ಬಂಧಗಳು ಮರುಹೊಂದಿಕೊಂಡಂತೆ ಧನಾವೇಶ ಮುಂದಕ್ಕೆ ಸರಿಯುತ್ತದೆ. ಗ್ರೋಟಸ್ 1806ರಲ್ಲೇ ಇಂಥದ್ದೊಂದು ಸರಪಣಿಯನ್ನು ಊಹಿಸಿದ್ದರು. ಒಂದು ಪ್ರೋಟಾನನ್ನು ನಾಲ್ಕು ನೀರಿನ ಅಣುಗಳು ಹಂಚಿಕೊಂಡ ಐಗೆನ್ ರೂಪ, ಎರಡು ಹಂಚಿಕೊಂಡ ಸುಂಡೆಲ್ ರೂಪ ಇವುಗಳಲ್ಲಿ ಯಾವುದು ಸರಿ ಎಂಬ ದೀರ್ಘ ಜಗಳವನ್ನು 1999ರ ಗಣಕ ಲೆಕ್ಕಾಚಾರ ಬಹುಮಟ್ಟಿಗೆ ತಣಿಸಿತು. ಅವೆರಡೂ ಬದಲಾಗುತ್ತಲೇ ಇರುವ ಒಂದೇ ರಚನೆಯ ಎರಡು ತುದಿಗಳು.

ಲೆಕ್ಕ ಮಾಡಲು ಹಳೆಯ ವ್ಯಾಖ್ಯೆ ಸಾಲದೇ ಎಂದು ಕೇಳುವವರಿದ್ದಾರೆ. ತೆಳು ದ್ರಾವಣಕ್ಕೆ, ಕೋಣೆಯ ತಾಪದಲ್ಲಿ, ಸಾಕು. ಆದರೆ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.5, ಆಗಲೂ ಅದು ತಟಸ್ಥವೇ. 7 ಎಂಬ ಸಂಖ್ಯೆಯನ್ನು ಬಾಯಿಪಾಠ ಮಾಡಿದವರಿಗೆ ಇದು ಅರ್ಥವಾಗದು. ಎಲೆಕ್ಟ್ರಾನ್ ಜೋಡಿಯನ್ನು ತೆಗೆದುಕೊಳ್ಳುವುದೇ ಆಮ್ಲ ಎನ್ನುವ ಲೂಯಿಸ್ ವ್ಯಾಖ್ಯೆಯಲ್ಲಿ ಪ್ರೋಟಾನೇ ಬೇಕಿಲ್ಲವಾದ್ದರಿಂದ ನೀರಿಗೇಕೆ ಇಷ್ಟು ಮಹತ್ವ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆದರೆ ಅಲ್ಯೂಮಿನಿಯಂ ಲವಣದ ನೀರು ಆಮ್ಲೀಯವಾಗುವುದನ್ನು ನೋಡಿ: ಆ ಅಯಾನು ನೀರಿನ ಅಣುಗಳನ್ನು ತನ್ನತ್ತ ಬಿಗಿಯಾಗಿ ಎಳೆದುಕೊಂಡಾಗ, ಪ್ರೋಟಾನು ಹೊರಡುವುದು ಆ ನೀರಿನಿಂದಲೇ. ಲೂಯಿಸ್ ವಿವರಿಸುವ ಬಂಧವೇ ಇಲ್ಲಿ ನೀರನ್ನು ಆಮ್ಲವಾಗಿಸುತ್ತದೆ.

ಇಷ್ಟಾದರೂ ನಮ್ಮ ತಿಳಿವಳಿಕೆಯ ಬಹುಪಾಲು ತೆಳು ದ್ರಾವಣಗಳದ್ದು. ಶೇ. 37ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಒಂದೊಂದು ಪ್ರೋಟಾನಿನ ಪಾಲಿಗೆ ಮೂರು ನಾಲ್ಕು ನೀರಿನ ಅಣುಗಳಷ್ಟೇ ಸಿಗುತ್ತವೆ. ಪಿಎಚ್ ಎಂಬ ಅಳತೆಯೇ ಅಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ನೀರಿನ ಮೇಲ್ಮೈ ಆಮ್ಲೀಯವೋ ಪ್ರತ್ಯಾಮ್ಲೀಯವೋ ಎಂಬುದರಲ್ಲೂ ಪ್ರಯೋಗಗಳು ಒಮ್ಮತಕ್ಕೆ ಬಂದಿಲ್ಲ. ಮೋಡದ ಹನಿಯಲ್ಲಿ, ಜೀವಕೋಶದ ಪೊರೆಯ ಅಂಚಿನಲ್ಲಿ ನಡೆಯುವ ರಸಾಯನದಲ್ಲಿ ಇಂಥ ಮೇಲ್ಮೈಗಳಿಗೂ ಪಾಲಿದೆ.