ಮಾನವ ಕಳ್ಳಸಾಗಣೆಯಿಂದ ಪಾರಾಗಿ ಊರಿಗೆ ಬಂದವರಿಗೆ ಯಾವ ನೆರವಿದೆ? ನಾವೇನು ಮಾಡಬೇಕು?

ಭಟ್ಕಳ/ಹೊನ್ನಾವರ/ಕುಮಟಾ: ದುಬೈ ಬೋಟುಗಳಲ್ಲಿ ದುಡಿಯುತ್ತಿದ್ದ ನಮ್ಮ ಕಡೆಯ ಮೀನುಗಾರರು 2018ರಲ್ಲಿ ಇರಾನಿನಲ್ಲಿ ಸಿಕ್ಕಿಬಿದ್ದು, 2019ರ ಜನವರಿಯಲ್ಲಿ ಬಿಡುಗಡೆಯಾದದ್ದು ಹಲವರಿಗೆ ನೆನಪಿರಬಹುದು. ಅದು ಕಡಲಗಡಿ ದಾಟಿದ ಪ್ರಕರಣ, ಕಳ್ಳಸಾಗಣೆಯಲ್ಲ. ಆದರೆ ಅವರ ಪರವಾಗಿ ಕೇಳುವವರಿದ್ದರು. ಕೆಲಸದ ಆಸೆಗೆ ಹೋಗಿ, ಮೋಸಹೋಗಿ, ಹೇಗೋ ಪಾರಾಗಿ ರಾತ್ರಿ ರೈಲಿಗೆ ಬಂದಿಳಿಯುವ ಹೆಣ್ಮಗಳಿಗೆ ಆ ಭಾಗ್ಯ ಇರೋದಿಲ್ಲ. ಬೆಳಗಾಗುವುದರೊಳಗೆ "ಎಲ್ಲಿದ್ದಳಂತೆ, ಏನ್ ಮಾಡ್ತಿದ್ದಳಂತೆ" ಶುರುವಾಗುತ್ತದೆ. ತಲೆಮೇಲೆ ಸಾಲ, ಕೈಯಲ್ಲಿ ಕೆಲಸ ಇಲ್ಲ, ಹೊರಗೆ ಹೋದರೆ ಮಾತು. ಅಂಥ ಹೊತ್ತಲ್ಲೇ ಹಳೇ ಏಜೆಂಟನ ಫೋನು ಮತ್ತೆ ಬರೋದು. ಆ ಫೋನಿಗೆ ಅವಳು ಹೂಂ ಅನ್ನದ ಹಾಗೆ ಮಾಡುವುದೇ ಪುನರ್ವಸತಿ.

"ಅವಳೇ ಒಪ್ಪಿ ಹೋದದ್ದಲ್ವಾ?"

ಈ ಮಾತು ಕಾನೂನಿನ ಮುಂದೆ ನಿಲ್ಲುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ ಪ್ರಕಾರ ಬೆದರಿಕೆ, ಮೋಸ ಅಥವಾ ಆಮಿಷದಿಂದ ಶೋಷಣೆಗಾಗಿ ಕರೆದೊಯ್ದರೆ ಅದು ಕಳ್ಳಸಾಗಣೆ. ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕೇ ಬರುವುದಿಲ್ಲ. ಗಂಡಸರೂ ಇದರಲ್ಲಿ ಸೇರುತ್ತಾರೆ. ಮ್ಯಾನ್ಮಾರ್ ಗಡಿಯ ಸೈಬರ್ ವಂಚನೆ ಅಡ್ಡೆಗಳಿಂದ ಬಿಡುಗಡೆಯಾದ 549 ಭಾರತೀಯರನ್ನು 2025ರ ಮಾರ್ಚ್‌ನಲ್ಲಿ ವಿಮಾನದಲ್ಲಿ ಕರೆತರಲಾಗಿತ್ತು.

ಸಿಗುವ ನೆರವು

- ಉಚಿತ ವಕೀಲರು: ಕಳ್ಳಸಾಗಣೆ ಸಂತ್ರಸ್ತರಿಗೆ ಆದಾಯದ ಮಿತಿ ಇಲ್ಲ. ಮೂರೂ ಊರಿನ ಕೋರ್ಟ್ ಆವರಣದಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ.
- ಪರಿಹಾರ: ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಆರೋಪಿ ಪತ್ತೆಯಾಗದಿದ್ದರೂ ಅರ್ಜಿ ಹಾಕುವ ಹಕ್ಕಿದೆ. ಎರಡು ತಿಂಗಳೊಳಗೆ ವಿಚಾರಣೆ ಮುಗಿಸಬೇಕೆಂದು ಕಾನೂನು ಹೇಳುತ್ತದೆ.
- ಜೀತದಿಂದ ಬಿಡುಗಡೆಯಾದವರು: ದುಡಿಸಿಕೊಂಡ ಜಾಗದ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿ ಕೊಟ್ಟ ಬಿಡುಗಡೆ ಪತ್ರವನ್ನು ಜೋಪಾನವಾಗಿಡಿ. ಕೇಂದ್ರದ ಯೋಜನೆಯಲ್ಲಿ ತಕ್ಷಣಕ್ಕೆ 30,000 ರೂ.ವರೆಗೆ, ಮುಂದೆ 1ರಿಂದ 3 ಲಕ್ಷ ರೂ.ವರೆಗೆ ನೆರವಿದೆ. ದೊಡ್ಡ ಮೊತ್ತ ಪ್ರಕರಣದ ತೀರ್ಮಾನಕ್ಕೆ ಕಾಯುತ್ತದೆ. ತಕ್ಷಣದ ಹಣಕ್ಕೆ ಆ ಷರತ್ತಿಲ್ಲ. ಪತ್ರ ಹಿಡಿದು ಭಟ್ಕಳ, ಹೊನ್ನಾವರದವರು ಭಟ್ಕಳದ ಎಸಿ ಕಚೇರಿಗೆ, ಕುಮಟಾದವರು ಕುಮಟಾ ಎಸಿ ಕಚೇರಿಗೆ ಹೋಗಿ ವಿಚಾರಿಸಿ.
- ದೂರು: ಘಟನೆ ಗೋವಾದಲ್ಲಾಗಲಿ ಮುಂಬೈಯಲ್ಲಾಗಲಿ, ನಮ್ಮ ಠಾಣೆಯಲ್ಲೇ ಝೀರೋ ಎಫ್‌ಐಆರ್ ಕೊಡಬಹುದು.
- ತರಬೇತಿ: ಕುಮಟಾದ ಕೆನರಾ ಬ್ಯಾಂಕ್ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಯಲ್ಲಿ ಹೊಲಿಗೆಯಂಥ ಕಸುಬುಗಳಿಗೆ ಉಚಿತ ತರಬೇತಿ ಇದೆ. ಸಂಜೀವಿನಿ ಸ್ವಸಹಾಯ ಸಂಘ ಸೇರಿದರೆ ಸಾಲಕ್ಕೆ ಬಡ್ಡಿ ವ್ಯಾಪಾರಿಯ ಬಾಗಿಲು ತಟ್ಟುವುದು ತಪ್ಪುತ್ತದೆ.

ಅಂಗಡಿಯವರು ಏನು ಮಾಡಬಹುದು?

ಕೆಲಸ ಕೊಡಿ, ಆದರೆ ಉಪಕಾರದ ಹೆಸರಲ್ಲಿ ಸಂಬಳ ಕಡಿಮೆ ಮಾಡಬೇಡಿ. ಉಳಿದವರಿಗೆ ಎಷ್ಟೋ ಅವರಿಗೂ ಅಷ್ಟೇ. ಆಧಾರ್ ಕಾರ್ಡ್ ನಿಮ್ಮ ಡ್ರಾಯರಿನಲ್ಲಿ ಇಟ್ಟುಕೊಳ್ಳಬೇಡಿ, ಜೆರಾಕ್ಸ್ ಸಾಕು. ಕಾಗದಪತ್ರ ಕಸಿದುಕೊಂಡವರಿಂದ ತಪ್ಪಿಸಿಕೊಂಡು ಬಂದವರು ಅವರು. ಕೋರ್ಟ್ ತಾರೀಕಿಗೆ, ಡಾಕ್ಟರ ಹತ್ತಿರ ಹೋಗಲು ರಜೆ ಕೊಡಿ. ಗಿರಾಕಿಗಳ ಎದುರು ಕೂರಲು ಮನಸ್ಸಿಲ್ಲ ಅಂದರೆ ಒಳಗಿನ ಕೆಲಸ ಕೊಡಿ. ಮಲ್ಲಿಗೆ ಕಟ್ಟುವುದು, ಬ್ಲೌಸ್ ಹೊಲಿಯುವುದು ಮನೆಯಲ್ಲೇ ಕೂತು ಮಾಡುವಂಥವು. ಹಳೇದನ್ನು ಕೆದಕಬೇಡಿ. ಹೇಳಬೇಕು ಅನಿಸಿದ ದಿನ ಅವರೇ ಹೇಳುತ್ತಾರೆ.

ಮನೆಯವರು, ನೆರೆಯವರು

ರಾತ್ರಿ ನಿದ್ದೆ ಬಾರದಿರುವುದು, ಸಣ್ಣ ಶಬ್ದಕ್ಕೂ ಬೆಚ್ಚುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು ಅಹಂಕಾರ ಅಲ್ಲ, ಗಾಯದ ಗುರುತು. ಬಂದ ವಾರವೇ ಅವಸರದಲ್ಲಿ ಮದುವೆ ಮಾತು ಎತ್ತಬೇಡಿ. ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ, ಹೆಸರು ಹಾಕಲೇಬಾರದು. ಲೈಂಗಿಕ ಅಪರಾಧದ ಸಂತ್ರಸ್ತರ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲಿದೆ. 18 ವರ್ಷದೊಳಗಿನ ಮಕ್ಕಳಾದರೆ ಊರಲ್ಲೇ ಪಂಚಾಯ್ತಿ ಮಾಡಿ ಮುಗಿಸದೆ 1098ಕ್ಕೆ ತಿಳಿಸಿ. ಮುಂದಿನದನ್ನು ಮಕ್ಕಳ ಕಲ್ಯಾಣ ಸಮಿತಿ ನೋಡಿಕೊಳ್ಳುತ್ತದೆ.

ಈ ನಂಬರ್‌ಗಳನ್ನು ಅಂಗಡಿ ಗೋಡೆಗೆ ಅಂಟಿಸಿಡಿ

ತುರ್ತು ಪೊಲೀಸ್: 112
ಮಹಿಳಾ ಸಹಾಯವಾಣಿ: 181
ಮಕ್ಕಳ ಸಹಾಯವಾಣಿ: 1098
ಕಾನೂನು ನೆರವು: 15100
ಮಾನಸಿಕ ಆರೋಗ್ಯ (ಟೆಲಿ ಮಾನಸ್): 14416