ಬೈಪೋಲಾರ್ ಕಾಯಿಲೆ: ಔಷಧ ಹೊಂದಾಣಿಕೆ

ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಲ್ಲಿ ರೋಗಿಗೆ ಒಗ್ಗುವ ಔಷಧವನ್ನೂ ಅದರ ಪ್ರಮಾಣವನ್ನೂ ಕಂಡುಕೊಳ್ಳುವ ಕ್ರಮ. ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಹಿಡಿಯುತ್ತವೆ. ದಕ್ಷಿಣ ಬೆಂಗಳೂರಿನವರಿಗೆ ಇದರ ದೊಡ್ಡ ವಿಳಾಸ ಹೊಸೂರು ರಸ್ತೆಯ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರಲ್ಲಿ ಒಂದಾಗಿ ಹುಟ್ಟಿದ ಸಂಸ್ಥೆಯಿದು.

ಔಷಧಗಳಲ್ಲಿ ಹಿರಿಯದು ಲಿಥಿಯಂ. ಉನ್ಮಾದಕ್ಕೆ ಇದು ನಾಟುತ್ತದೆಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಬರೆದರು. ಮಾತ್ರೆ ಅಗ್ಗ, ಆದರೆ ಗುಣಕ್ಕೂ ವಿಷಕ್ಕೂ ನಡುವಿನ ಅಂತರ ಕಿರಿದು. ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್ ಇರಬೇಕು. ರಾತ್ರಿ 9ಕ್ಕೆ ಮಾತ್ರೆ ನುಂಗಿದವರು ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿ ತೋಳು ಚಾಚುತ್ತಾರೆ: 12 ಗಂಟೆಯ ಲೆಕ್ಕ. ಬೆಳಗಿನ ಮಾತ್ರೆಯಿದ್ದರೆ ರಕ್ತ ಕೊಟ್ಟ ಮೇಲೆಯೇ. ಥೈರಾಯ್ಡ್, ಮೂತ್ರಪಿಂಡಗಳ ಮೇಲೂ ಕಣ್ಣಿಡಬೇಕು. ವಾಂತಿಭೇದಿಯಾದರೆ, ಮೈಕೈ ನೋವಿಗೆಂದು ಮೆಡಿಕಲ್ ಶಾಪಿನಿಂದ ತಂದ ಐಬುಪ್ರೊಫೆನ್ ನುಂಗಿದರೆ ಲಿಥಿಯಂ ಮಟ್ಟ ಏರಬಹುದು. ಕೈನಡುಕ ಜೋರಾಗಿ ನಡಿಗೆ ತೂರಾಡಿತೋ, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯುವಂತಿಲ್ಲ.

ವಾಲ್ಪ್ರೋಯೇಟ್ ಉನ್ಮಾದವನ್ನು ಬೇಗ ತಗ್ಗಿಸುತ್ತದೆ, ಆದರೆ ಗರ್ಭದ ಶಿಶುವಿಗೆ ಅಪಾಯಕಾರಿ. ಖಿನ್ನತೆ ಮರುಕಳಿಸದಂತೆ ಕೊಡುವ ಲಾಮೋಟ್ರಿಜಿನ್ ತೀವ್ರ ಚರ್ಮರೋಗ ತರಬಹುದಾದ್ದರಿಂದ ವಾರಗಟ್ಟಲೆ ನಿಧಾನವಾಗಿ ಏರಿಸಬೇಕು. ಒಲಾಂಜಪಿನ್ ತೂಕ ಹೆಚ್ಚಿಸುತ್ತದೆ. ಮುದ್ದೆ, ಅನ್ನದ ಲೆಕ್ಕವನ್ನೇ ಬದಲಿಸಬೇಕಾದೀತು. ಬರೀ ಖಿನ್ನತೆಯ ಮಾತ್ರೆ ಕೊಟ್ಟರೆ ಉನ್ಮಾದ ಕೆರಳಬಹುದು. ಕಾಯಿಲೆಯ ನಿಜವಾದ ಹೆಸರು ಕೆಲವರಲ್ಲಿ ಗೊತ್ತಾಗುವುದೇ ಹಾಗೆ.

‘ಈಗ ಚೆನ್ನಾಗಿದ್ದೀನಲ್ಲ’ ಎಂದು ಮಾತ್ರೆ ಬಿಡುವುದು ಮರುಕಳಿಕೆಗೆ ದೊಡ್ಡ ಕಾರಣ. ಲಿಥಿಯಂ ದಿಢೀರ್ ನಿಲ್ಲಿಸಿದರಂತೂ ಉನ್ಮಾದದ ಅಪಾಯ ಹೆಚ್ಚು. ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು.